ಬೀಟ್ ಪೊಲೀಸರಿಂದ ಊರಿನ ಕೆಲಸ ಮಾಡಿಸಿಕೊಳ್ಳುವುದು ಹೇಗೆ? ಕೊಡಗಿನ ಕೇರಿ, ತೋಟ, ಲೈನ್‌ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಕಾಫಿ ಕೊಯ್ಲು ಶುರುವಾದರೆ ಸಾಕು, ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಹದಿನೈದು ಜನ ಠಾಣೆಗೆ ಹೋಗಿದ್ವಿ. ನೋಡ್ತೀವಿ ಅಂದ್ರು. ಆಮೇಲೆ ಏನೂ ಆಗ್ಲಿಲ್ಲ."

ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡವನು. ಕೆಲವು ವರ್ಷದ ಹಿಂದೆ ಕಣದಲ್ಲಿ ಒಣಗಲು ಹಾಕಿದ್ದ ಕರಿಮೆಣಸು ಬೆಳಗಾಗುವಷ್ಟರಲ್ಲಿ ಮಾಯ. ಎರಡು ಜೀಪಿನಲ್ಲಿ ಜನ ತುಂಬಿಕೊಂಡು ಹೋದೆವು. ಎಲ್ಲರೂ ಒಟ್ಟಿಗೆ ಮಾತಾಡಿದೆವು. ಎಷ್ಟು ಕಿಲೋ ಎಂದು ಕೇಳಿದರೆ ಒಬ್ಬ ಅರವತ್ತು ಅಂದ, ಇನ್ನೊಬ್ಬ ನೂರು ಅಂದ. ಯಾವಾಗ ಎಂದರೆ "ರಾತ್ರಿ". ಒಂದು ಸಾಲೂ ಬರೆದು ಕೊಡದೆ, ಎದುರಿನ ಹೋಟೆಲಿನಲ್ಲಿ ಟೀ ಕುಡಿದು ವಾಪಸ್ ಬಂದೆವು.

"ಗಸ್ತು ಜಾಸ್ತಿ ಮಾಡಿ" ಎಂದು ಕೇಳಿದರೆ ಠಾಣೆಯವರು ಹೂಂ ಅಂತಾರೆ, ಅಷ್ಟೇ. ನಾಲ್ಕೈದು ಊರು, ನೂರಾರು ಎಕರೆ ತೋಟ, ಒಂದು ಜೀಪು. ಎಲ್ಲಿಗೆ ಅಂತ ಹೋಗಬೇಕು? "ಸಂತೆ ದಿನದ ರಾತ್ರಿ ಒಂದರಿಂದ ಮೂರರೊಳಗೆ, ಹಳೇ ಗೇಟಿನ ಹತ್ತಿರ" ಎಂದು ಹೇಳಿದರೆ ಅವರಿಗೊಂದು ದಾರಿ ಸಿಗುತ್ತದೆ. ಮುಂದಿನ ಹಂತಗಳೆಲ್ಲ ಆ ಒಂದು ವಾಕ್ಯವನ್ನು ತಯಾರು ಮಾಡಿ, ನಿಮ್ಮೂರಿನ ಹೊಣೆ ಹೊತ್ತ ಬೀಟ್ ಪೊಲೀಸರಿಗೆ ಮುಟ್ಟಿಸುವುದಕ್ಕೆ. ಹಂತಗಳ ಕ್ರಮ ಹಿಂದೆಮುಂದೆ ಮಾಡಬೇಡಿ. ಬಹಳ ಜನ ನೇರ ನಾಲ್ಕನೇ ಹಂತಕ್ಕೆ ಹಾರಿ ಅಲ್ಲೇ ಎಡವುತ್ತಾರೆ.

## ಈಗಲೇ ನಡೆಯುತ್ತಿದ್ದರೆ: ಮೊದಲು 112

ಕಳ್ಳ ಕಣದಲ್ಲೇ ಇದ್ದಾನೆ, ಹೊಡೆದಾಟ ಆಗುತ್ತಿದೆ, ಮನೆಯಲ್ಲಿ ಹೆಂಗಸಿಗೆ ಹೊಡೆಯುತ್ತಿದ್ದಾರೆ ಎಂದಾದರೆ ಈ ಮಾರ್ಗದರ್ಶಿ ಪಕ್ಕಕ್ಕಿಡಿ, 112ಕ್ಕೆ ಫೋನ್ ಮಾಡಿ. ಗೊತ್ತಿರುವ ಪೊಲೀಸಪ್ಪನ ಮೊಬೈಲಿಗೆ ಮೊದಲು ಮಾಡಬೇಡಿ. ಅವರು ರಜೆಯಲ್ಲಿರಬಹುದು, ದಸರಾ ಬಂದೋಬಸ್ತಿಗೆ ಹೋಗಿರಬಹುದು. 112ರ ಕರೆ ದಾಖಲಾಗುತ್ತದೆ.

ನಮ್ಮ ಕಡೆ ಸಮಸ್ಯೆ ವಿಳಾಸದ್ದು. ತೋಟದ ಮನೆಗೆ ಕ್ರಾಸು, ಮೇನು, ಡೋರ್ ನಂಬರ್ ಇರುವುದಿಲ್ಲ. ಗೂಗಲ್ ಮ್ಯಾಪ್ ನಂಬಿದರೆ ಜೀಪು ಯಾರದೋ ತೋಟದ ಬೀಗ ಹಾಕಿದ ಗೇಟಿನ ಮುಂದೆ ನಿಲ್ಲುತ್ತದೆ. ಹಾಗಾಗಿ ಹೇಳುವ ಕ್ರಮ ಹೀಗಿರಲಿ: ಜಿಲ್ಲೆ, ತಾಲ್ಲೂಕು, ಊರು, ಡಾಂಬರು ರಸ್ತೆಯಲ್ಲಿರುವ ಒಂದು ಗುರುತು, ಅಲ್ಲಿಂದ ಎಡವೋ ಬಲವೋ, ಎಷ್ಟು ದೂರ. ಆಮೇಲೆ ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬಂದು ನಿಲ್ಲಿ. ಕುಟ್ಟ, ಮಾಕುಟ್ಟ, ಕರಿಕೆ ಕಡೆಯವರ ಫೋನ್ ಕೇರಳದ ಟವರ್ ಹಿಡಿದಿರಬಹುದು. "ಕರ್ನಾಟಕ, ಕೊಡಗು ಜಿಲ್ಲೆ" ಎಂಬುದೇ ನಿಮ್ಮ ಮೊದಲ ಮಾತಾಗಿರಲಿ.

ಈ ವಿಳಾಸವನ್ನು ಇವತ್ತೇ ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಗಾಬರಿಯಲ್ಲಿ ಸ್ವಂತ ಮನೆಯ ದಾರಿಯೂ ಬಾಯಿಗೆ ಬರುವುದಿಲ್ಲ.

## ಕೈಯಲ್ಲಿ ಇರಬೇಕಾದ್ದು

ಒಂದು ಇನ್ನೂರು ಪುಟದ ನೋಟ್‌ಬುಕ್. ಕೈಯಲ್ಲೇ ಬರೆದ ಊರಿನ ನಕ್ಷೆ: ಗೇಟು, ಕಣ, ಗೋಡೌನು, ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ), ಬಸ್ ಸ್ಟ್ಯಾಂಡು, ಬೀದಿದೀಪದ ಕಂಬ, ಜೀಪು ತಿರುಗಿಸಲು ಜಾಗ ಇರುವ ಕಡೆ. ಕಾಫಿ, ಮೆಣಸು ಮಾರಿದ ತೂಕದ ಚೀಟಿಗಳು. ಕಾಗದದ ಮೇಲೆ ಬರೆದ ಫೋನ್ ನಂಬರುಗಳು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದೆ ಮೊಬೈಲ್ ಸತ್ತಿದ್ದರೂ ಪಕ್ಕದ ಮನೆಯ ಫೋನಿನಿಂದ ಮಾಡಬಹುದಲ್ವಾ.

## ಹಂತ 1: ಮೂರು ವಾರ ಬರೆಯಿರಿ

ಇದು ಬೇಜಾರಿನ ಕೆಲಸ. ಆದರೆ ಇದನ್ನು ಬಿಟ್ಟರೆ ಮುಂದಿನ ಯಾವ ಹಂತಕ್ಕೂ ಬುಡ ಇರುವುದಿಲ್ಲ.

ಪ್ರತಿ ಘಟನೆಗೆ ಒಂದು ಸಾಲು. ತಾರೀಕು, ವಾರ, ಗಂಟೆ, ಜಾಗ, ಕಣ್ಣಾರೆ ಕಂಡದ್ದು, ಕಂಡವರು ಯಾರು. ನಮ್ಮ ಪುಸ್ತಕದ ಒಂದು ಪುಟ ಹೀಗಿತ್ತು:

"ಶನಿವಾರ, ರಾತ್ರಿ 1.20. ಹಳೇ ಗೇಟು. ಬಿಳಿ ಪಿಕಪ್, ಲೈಟ್ ಆಫ್, ಹತ್ತು ನಿಮಿಷ ನಿಂತಿತ್ತು. ನಂಬರಿನ ಕೊನೆ ಎರಡು ಅಂಕೆ ಮಾತ್ರ ಕಂಡಿತು."
"ಭಾನುವಾರ, ಸಂಜೆ 7. ಲೈನ್‌ಮನೆ ಎರಡನೇ ಬಾಗಿಲು. ಮೊಬೈಲ್ ಹೋಗಿದೆ. ಎಲ್ಲರೂ ಸಂತೆಗೆ ಹೋಗಿದ್ದರು."
"ಸೋಮವಾರ. ಬಸ್ ಸ್ಟ್ಯಾಂಡ್ ದೀಪ ಇವತ್ತೂ ಇಲ್ಲ."

"ಅನುಮಾನಾಸ್ಪದ ವ್ಯಕ್ತಿ" ಎಂದು ಬರೆಯಬೇಡಿ. ಅದು ನಿಮ್ಮ ಅನಿಸಿಕೆ. ಅವನು ಏನು ಮಾಡುತ್ತಿದ್ದ ಎಂದು ಬರೆಯಿರಿ. "ಮೂರು ಮನೆಯ ಬೀಗ ಎಳೆದು ನೋಡಿದ" ಎನ್ನುವುದು ಮಾಹಿತಿ. "ನಮ್ಮೂರಿನವನಲ್ಲ" ಎನ್ನುವುದು ಮಾಹಿತಿ ಅಲ್ಲ. ಕೊಯ್ಲಿನ ಕಾಲದಲ್ಲಿ ಅರ್ಧ ಜನ ನಮ್ಮೂರಿನವರಲ್ಲ.

ಲೈನ್‌ಮನೆಯವರನ್ನು ಕೇಳದೆ ಬರೆದ ಪುಸ್ತಕ ಅರ್ಧ ಪುಸ್ತಕ. ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದವರ ಮೇಲೆ ಎಲ್ಲರಿಗೂ ಮೊದಲು ಅನುಮಾನ. ನಮ್ಮ ಪುಸ್ತಕ ತುಂಬಿದ ಮೇಲೆ ನೋಡಿದರೆ, ಕಳ್ಳತನ ಜಾಸ್ತಿ ಆಗಿದ್ದದ್ದೇ ಅವರಿಗೆ. ಬಟವಾಡೆ ದಿನ ಸಂಜೆ, ಮನೆಯಲ್ಲಿ ಯಾರೂ ಇಲ್ಲದಾಗ. ಅವರು ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಮೇಸ್ತ್ರಿ ಮೂಲಕ ಕೇಳಿಸಬೇಡಿ, ನೀವೇ ಹೋಗಿ ಕೇಳಿ. ಮನೆಯ ಹೆಂಗಸರು ಹೋಗಿ ಕೇಳಿದರೆ ಇನ್ನೂ ಒಳ್ಳೆಯದು.

ಮೂರು ವಾರ ಆದ ಮೇಲೆ ಎಲ್ಲವನ್ನೂ ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿ. ಚುಕ್ಕಿಗಳು ಒಂದೋ ಎರಡೋ ಕಡೆ ಗುಂಪಾಗುತ್ತವೆ. ಅದರಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ.

ಎಚ್ಚರಿಕೆಯ ಸೂಚನೆ: ಪುಸ್ತಕ ಖಾಲಿ, ಆದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ "ಕಳ್ಳರ ಹಾವಳಿ" ಎಂದು ಬರುತ್ತಿದ್ದರೆ, ನಿಮ್ಮೂರಿನಲ್ಲಿ ಕಳ್ಳರಿಗಿಂತ ಗಾಳಿಸುದ್ದಿ ಜಾಸ್ತಿ ಓಡಾಡುತ್ತಿದೆ.

## ಹಂತ 2: ಇದು ಯಾರ ಕೆಲಸ ಎಂದು ಬೇರೆ ಮಾಡಿ

ಆರಿಸಿಕೊಂಡ ಸಮಸ್ಯೆ ಪೊಲೀಸರದ್ದೇ ಇರಬೇಕೆಂದಿಲ್ಲ. ಬೀದಿದೀಪ ಗ್ರಾಮ ಪಂಚಾಯಿತಿಯದ್ದು, ಅರ್ಜಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಮಡಿಕೇರಿಯಂಥ ಕಡೆ ನಗರಸಭೆಗೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಕರೆಂಟ್ ಕಂಪನಿ ಸೆಸ್ಕ್‌ನದ್ದು. ಆನೆ ರಸ್ತೆಯಲ್ಲಿದ್ದರೆ ಅರಣ್ಯ ಇಲಾಖೆಯ 1926. ಕಳ್ಳಬಟ್ಟಿ, ಅಂಗಡಿಯಲ್ಲಿ ಮದ್ಯ ಮಾರಾಟ ಎಂದರೆ ಅಬಕಾರಿ ಮತ್ತು ಪೊಲೀಸ್ ಎರಡೂ ಕಡೆ. ಮಕ್ಕಳ ವಿಷಯ 1098, ಹೆಣ್ಣುಮಕ್ಕಳ ಸಹಾಯವಾಣಿ 181. ಫೋನಿನಲ್ಲಿ ದುಡ್ಡು ಹೋಯಿತು ಎಂದರೆ ಠಾಣೆಗೆ ಹೊರಡುವ ಮೊದಲೇ 1930. ಅಲ್ಲಿ ನಿಮಿಷ ನಿಮಿಷಕ್ಕೂ ಬೆಲೆ ಇದೆ.

ಹೋಂಸ್ಟೇ ಗಲಾಟೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್ ಹಾಕುವಂತಿಲ್ಲ. ಸದ್ದು ಕೇಳುತ್ತಿರುವಾಗಲೇ 112ಕ್ಕೆ ಮಾಡಿ. ಮರುದಿನ ದೂರು ಕೊಟ್ಟರೆ ಸಾಬೀತು ಮಾಡುವುದು ಕಷ್ಟ. ಪರವಾನಗಿ ಇದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಪಂಚಾಯಿತಿ ಮತ್ತು ಪ್ರವಾಸೋದ್ಯಮ ಇಲಾಖೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ಎರಡೂ ಕಚೇರಿಯವರು "ನಮಗೆ ಬರಲ್ಲ" ಅಂತಾರೆ.

## ಹಂತ 3: ನಿಮ್ಮ ಬೀಟಿನವರು ಯಾರು ಎಂದು ತಿಳಿಯಿರಿ

ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಠಾಣೆಯ ವ್ಯಾಪ್ತಿಯನ್ನು ಹಂಚಿ, ಒಂದೊಂದು ಬೀಟಿಗೆ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡುವುದು ಅದರ ತಿರುಳು. 2025ರ ಜುಲೈನಲ್ಲಿ "ಮನೆ ಮನೆಗೆ ಪೊಲೀಸ್" ಎಂಬುದೂ ಶುರುವಾಯಿತು, ಬೀಟಿನವರೇ ಮನೆಗೆ ಬಂದು ಕಷ್ಟಸುಖ ಕೇಳುವುದು. ಹಾಗೆ ಬಂದಾಗ "ಎಲ್ಲಾ ಚೆನ್ನಾಗಿದೆ ಸರ್, ಕಾಫಿ ಕುಡೀರಿ" ಎಂದು ಕಳಿಸಬೇಡಿ. ಕಾಫಿ ಕೊಡಿ, ಜೊತೆಗೆ ಪುಸ್ತಕವನ್ನೂ ತೋರಿಸಿ. ಗುರುತಿನ ಚೀಟಿ ಕೇಳುವುದರಲ್ಲಿ ತಪ್ಪೇನಿಲ್ಲ. ನಿಜವಾದ ಪೊಲೀಸರು ಬೇಜಾರು ಮಾಡಿಕೊಳ್ಳುವುದಿಲ್ಲ.

ಅವರು ಬರುವವರೆಗೆ ಕಾಯಬೇಕಿಲ್ಲ. ಠಾಣೆಗೆ ಬೆಳಿಗ್ಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಹೋಗಿ. ಬೆಳಗಿನ ಹಾಜರಿ ಮುಗಿದಿರುತ್ತದೆ, ಕೋರ್ಟಿಗೆ ಹೋಗುವವರು ಹೋಗಿರುತ್ತಾರೆ. ಠಾಣೆಯ ರೈಟರನ್ನು ಕೇಳಿ: "ನಮ್ಮೂರು ಯಾವ ಬೀಟಿಗೆ ಬರುತ್ತೆ, ಯಾರು ನೋಡ್ಕೊಳ್ತಾರೆ?" (ತೋಟದ ರೈಟರೇ ಬೇರೆ, ಠಾಣೆ ರೈಟರೇ ಬೇರೆ. ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸರು ಇವರು. ಇವರ ಕೈಯಲ್ಲಿ ಕಾಗದ ಓಡುತ್ತದೆ, ಮರ್ಯಾದೆಯಿಂದ ಮಾತಾಡಿಸಿ.)

ಬೀಟಿನವರ ಹೆಸರು, ನಂಬರು ಸಿಕ್ಕಿದ ಮೇಲೆ ಒಮ್ಮೆ ಊರಿಗೆ ಕರೆಯಿರಿ. ಸಭೆ, ಶಾಮಿಯಾನ ಬೇಡ. ಇಬ್ಬರು ಮೂವರು ಸೇರಿ ನಕ್ಷೆ ಹಿಡಿದು ಜೊತೆಯಲ್ಲಿ ನಡೆಯಿರಿ. ಹಳೇ ಗೇಟಿನ ಹತ್ತಿರ ನಿಂತು ನೋಡಿದಾಗ, ಅಲ್ಲಿಂದ ಕಣಕ್ಕೆ ಹೋಗುವ ಕಾಲುದಾರಿ ರಸ್ತೆಗೆ ಕಾಣುವುದೇ ಇಲ್ಲ ಎಂದು ನಮಗೆ ಹೊಳೆದದ್ದೇ ಆ ದಿನ. ಮೂವತ್ತು ವರ್ಷದಿಂದ ಅಲ್ಲೇ ಓಡಾಡುತ್ತಿದ್ದೆವು.

## ಹಂತ 4: ಅರ್ಜಿ ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳಿ

ಇಬ್ಬರು ಹೋಗಿ. ಹೆಚ್ಚೆಂದರೆ ಮೂವರು. ಅದರಲ್ಲಿ ಒಬ್ಬರು ಘಟನೆ ಕಂಡವರಾಗಿರಲಿ. ಗುಂಪು ಹೋದರೆ ಠಾಣೆಯವರ ಕಣ್ಣಿಗೆ ಅದು ಗುಂಪು ಮಾತ್ರ.

ಅರ್ಜಿ ಒಂದು ಪುಟ ದಾಟಬಾರದು. "ಇವರಿಗೆ, ಠಾಣಾಧಿಕಾರಿಗಳು" ಎಂದು ಶುರು ಮಾಡಿ, ವಿಷಯದ ಸಾಲಿನಲ್ಲೇ ಜಾಗ ಮತ್ತು ಹೊತ್ತು ಹೇಳಿ: "ವಿಷಯ: ಹಳೇ ಗೇಟಿನ ಬಳಿ ಶನಿವಾರ ಮತ್ತು ಭಾನುವಾರ ರಾತ್ರಿ 1ರಿಂದ 3ರವರೆಗೆ ಗಸ್ತು ಕೋರಿ." ಕೆಳಗೆ ಪುಸ್ತಕದಿಂದ ತೆಗೆದ ನಾಲ್ಕೈದು ಸಾಲು, ಕೊನೆಗೆ ಏನು ಬೇಕು ಎಂದು ಎರಡು ಸಾಲು. ನಕ್ಷೆಯ ಜೆರಾಕ್ಸ್ ಲಗತ್ತಿಸಿ. "ಪದೇ ಪದೇ ಮನವಿ ಮಾಡಿದರೂ", "ದಿವ್ಯ ನಿರ್ಲಕ್ಷ್ಯ" ಎಂಬ ಮಾತುಗಳನ್ನು ಪತ್ರಿಕೆಗಳಿಗೆ ಬಿಡಿ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಇದಿಲ್ಲದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. ಅರ್ಜಿಯ ಮೇಲೆ ಏನು ಮಾಡಿದರು ಎಂದು ಬರೆದು ಕೊಡುವ ಕಾಗದಕ್ಕೆ ಹಿಂಬರಹ ಅಂತಾರೆ. ಹದಿನೈದು ದಿನ ಬಿಟ್ಟು ಹೋಗಿ ಅದನ್ನೂ ಕೇಳಿ.

## ಹಂತ 5: ಕಳ್ಳತನ ಆಗಿಯೇ ಹೋಗಿದ್ದರೆ, ಎಫ್‌ಐಆರ್

ಅರ್ಜಿ ಬೇರೆ, ಎಫ್‌ಐಆರ್ ಬೇರೆ. ಗಸ್ತು ಬೇಕೆಂದರೆ ಅರ್ಜಿ. ಮಾಲು ಹೋಗಿದೆ ಎಂದರೆ ಎಫ್‌ಐಆರ್.

ಮೊದಲು ಜಾಗ ಮುಟ್ಟಬೇಡಿ. ಕಣ ಗುಡಿಸಬೇಡಿ. ಮುರಿದ ಬೀಗ ಕೈಯಲ್ಲಿ ಹಿಡಿದು ಊರೆಲ್ಲ ತೋರಿಸಿಕೊಂಡು ಬರಬೇಡಿ, ನಾವು ಮಾಡಿದ್ದು ಅದೇ. ಇಬ್ಬನಿಯಲ್ಲಿ ಮೂಡಿದ ಹೆಜ್ಜೆ, ಟಯರಿನ ಗುರುತು ಬಿಸಿಲೇರಿದರೆ ಇರುವುದಿಲ್ಲ. ಪಕ್ಕದಲ್ಲಿ ಒಂದು ಸ್ಕೇಲೋ ಬೆಂಕಿಪೆಟ್ಟಿಗೆಯೋ ಇಟ್ಟು ಫೋಟೊ ತೆಗೆಯಿರಿ. ಮಳೆ ಬರುವಂತಿದ್ದರೆ ಬಕೆಟ್ ಮುಚ್ಚಿ.

ಆಮೇಲೆ ಲೆಕ್ಕ. ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳ್ಳತನಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ತನಿಖೆ ಮಾಡುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. "ಒಂದಷ್ಟು ಮೆಣಸು" ಎಂದು ಹೇಳಿದರೆ ನಿಮ್ಮ ದೂರು ಎನ್‌ಸಿಆರ್‌ನಲ್ಲಿ (ನೇರವಾಗಿ ತನಿಖೆ ಮಾಡುವಂತಿಲ್ಲದ ದೂರುಗಳ ದಾಖಲೆ) ಕೂತುಬಿಡುತ್ತದೆ. ಈಗಿನ ಬೆಲೆಯಲ್ಲಿ ಹತ್ತು ಕಿಲೋ ಮೆಣಸು ಈ ಮಿತಿ ದಾಟುತ್ತದೆ. ಎಷ್ಟು ಚೀಲ, ಚೀಲಕ್ಕೆ ಎಷ್ಟು ಕಿಲೋ, ಅವತ್ತಿನ ದರ ಎಷ್ಟು ಎಂದು ತೂಕದ ಚೀಟಿ ಇಟ್ಟು ಲೆಕ್ಕ ಕೊಡಿ. ಸುಳ್ಳು ಸೇರಿಸಬೇಡಿ, ಮುಂದೆ ಕೋರ್ಟಿನಲ್ಲಿ ಅದೇ ಕಾಲಿಗೆ ತೊಡರುತ್ತದೆ. ಮನೆಯೊಳಗಿಂದಲೋ ಗೋಡೌನಿನ ಒಳಗಿಂದಲೋ ಹೋಗಿದ್ದರೆ ಅದು ಬೇರೆ ಸೆಕ್ಷನ್, ಅಲ್ಲಿ ಈ 5,000ದ ಮಿತಿ ಇಲ್ಲ. ಎಲ್ಲಿಂದ ಹೋಯಿತು ಎಂಬುದನ್ನು ಸ್ಪಷ್ಟವಾಗಿ ಬರೆಸಿ.

"ಇದು ನಮ್ಮ ಠಾಣೆ ವ್ಯಾಪ್ತಿ ಅಲ್ಲ" ಎಂಬ ಉತ್ತರ ಬಂದರೆ ಝೀರೋ ಎಫ್‌ಐಆರ್ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ಇಮೇಲಿನಂಥ ದಾರಿಯಲ್ಲೂ ಕಳಿಸಬಹುದು, ಆದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಓದದೆ ಸಹಿ ಬೇಡ. ಓದಲು ಬಾರದವರು ಓದಿಸಿ ಕೇಳಿ.

ಮೊಬೈಲ್ ಹೋಗಿದ್ದರೆ ದೂರಿನ ಪ್ರತಿ ಇಟ್ಟುಕೊಂಡು ಕಳೆದ ಮೊಬೈಲ್ ಬ್ಲಾಕ್ ಮಾಡುವ ಸರ್ಕಾರಿ ಸಿಇಐಆರ್ ಪೋರ್ಟಲಿನಲ್ಲಿ ಐಎಂಇಐ (ಫೋನಿನ ಗುರುತಿನ ನಂಬರು) ಹಾಕಿ ಬ್ಲಾಕ್ ಮಾಡಿಸಿ. ಲೈನ್‌ಮನೆಯವರಿಗೆ ಇದನ್ನು ನೀವೇ ಕೂತು ಮಾಡಿಕೊಡಿ. ಅರ್ಧ ಗಂಟೆಯ ಕೆಲಸ. ಆಮೇಲೆ ನೋಡಿ, ನಿಮ್ಮ ಪುಸ್ತಕಕ್ಕೆ ಮಾಹಿತಿ ತಾನಾಗಿ ಬರುತ್ತದೆ.

## ಹಂತ 6: ನಿಮ್ಮ ಕಡೆಯ ರಿಪೇರಿ

ಗಸ್ತು ಬರುವುದು ರಾತ್ರಿಗೆ ಹತ್ತು ನಿಮಿಷ. ಉಳಿದ ಹೊತ್ತು ನಿಮ್ಮದೇ. ಒಣಗಿದ ಮಾಲನ್ನು ಸಂಜೆಗೇ ಗೋಡೌನಿಗೆ ಸೇರಿಸಿ. ಚೀಲದ ಒಳಮೈ ಮೇಲೆ ಪೇಂಟಿನಲ್ಲಿ ಗುರುತು ಹಾಕಿ. ಹೊರಗೆ ಹಾಕಿದರೆ ಚೀಲ ತಿರುಗಿಸಿಬಿಡುತ್ತಾರೆ.

ಸಿಸಿ ಕ್ಯಾಮೆರಾ ಹಾಕಿಸಿದವರು ಮಾಡುವ ತಪ್ಪು ಒಂದೇ ಥರದ್ದು. ಮನೆಯ ಮೂಲೆಯಲ್ಲಿ, ಎತ್ತರದಲ್ಲಿ, ಇಡೀ ಅಂಗಳ ಕಾಣುವ ಹಾಗೆ ಹಾಕಿಸುತ್ತಾರೆ. ಕಳ್ಳ ಬಂದು ಹೋದದ್ದು ಕಾಣುತ್ತದೆ, ಮುಖ ಕಾಣುವುದಿಲ್ಲ. ಒಂದೇ ಕ್ಯಾಮೆರಾ ಇದ್ದರೆ ಗೇಟಿಗೆ, ವಾಹನದ ನಂಬರ್ ಕಾಣುವಷ್ಟು ತಗ್ಗಿನಲ್ಲಿ ಹಾಕಿ. ಕ್ಯಾಮೆರಾದ ರಾತ್ರಿಯ ಕೆಂಪು ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ವಾರಕ್ಕೊಮ್ಮೆ ಒರೆಸದಿದ್ದರೆ ರಾತ್ರಿಯಿಡೀ ಬಲೆಯದ್ದೇ ಸಿನಿಮಾ. ಮಂಜಿನಲ್ಲಂತೂ ಬರೀ ಬಿಳಿ. ಗೇಟಿನ ಹತ್ತಿರ ಬೇರೆ ಒಂದು ದೀಪ ಇದ್ದರೆ ಸ್ವಲ್ಪ ವಾಸಿ.

ಕರೆಂಟ್ ಹೋಗಿ ಬಂದಾಗ ರೆಕಾರ್ಡರಿನ ಗಡಿಯಾರ ತಪ್ಪುವುದುಂಟು. ಪ್ರತಿ ಭಾನುವಾರ ಮೊಬೈಲಿನ ಜೊತೆ ಹೋಲಿಸಿ ಸರಿ ಮಾಡಿ. ಘಟನೆ ಆದರೆ ಹಳೆಯದರ ಮೇಲೆ ಹೊಸದು ಬೀಳುವ ಮೊದಲೇ ಪೊಲೀಸರಿಗೆ ತಿಳಿಸಿ. ರೆಕಾರ್ಡರ್ ಬಿಚ್ಚುವುದು, ವಿಡಿಯೊ ಕತ್ತರಿಸಿ ಹಾಡು ಸೇರಿಸಿ ಸ್ಟೇಟಸ್ ಹಾಕುವುದು ಬೇಡ. ಕೋರ್ಟಿಗೆ ಹೋಗುವಾಗ ಅದಕ್ಕೆ ಪ್ರಮಾಣಪತ್ರ ಬೇಕು, ಕೈ ಆಡಿಸಿದ ವಿಡಿಯೊಗೆ ಯಾರು ಪ್ರಮಾಣ ಮಾಡುತ್ತಾರೆ? ಪಕ್ಕದ ಮನೆಯ ಬಾಗಿಲು, ಲೈನ್‌ಮನೆಯ ಬಚ್ಚಲ ಕಡೆಗೆ ಕ್ಯಾಮೆರಾ ತಿರುಗಿಸುವುದು ಅಪರಾಧದ ಕಡೆಗೆ ಹೋಗುತ್ತದೆ.

## ಹಂತ 7: ಊರಿನವರ ರಾತ್ರಿ ಕಾವಲು (ಬೇಕಾದರೆ ಮಾತ್ರ)

ಇದು ಅತಿ ಅಪಾಯದ ಹಂತ. ಹೆಚ್ಚಿನ ಊರುಗಳಿಗೆ ಬೇಕಾಗುವುದೂ ಇಲ್ಲ. ಮಾಡುವುದೇ ಆದರೆ ಬೀಟಿನವರಿಗೆ ಹೇಳಿ, ಯಾವ ರಾತ್ರಿ ಯಾರು ಎಂಬ ಪಟ್ಟಿ ಠಾಣೆಗೆ ಕೊಟ್ಟು ಮಾಡಿ.

ಟಾರ್ಚ್, ಸೀಟಿ, ಚಾರ್ಜ್ ಆದ ಮೊಬೈಲ್. ಇಬ್ಬಿಬ್ಬರು. ಆನೆ ಓಡಾಡುವ ಕಡೆ ಕಾಲುನಡಿಗೆ ಬೇಡವೇ ಬೇಡ, ಕಣದ ಹತ್ತಿರ ಕೂತು ಕಾಯಿರಿ.

ಕೋವಿ ಮನೆಯಲ್ಲೇ ಇರಲಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಲಾಗಿದೆ. ಆ ವಿನಾಯಿತಿ ಇರುವುದು ಲೈಸೆನ್ಸ್‌ಗೆ. ಕತ್ತಲಲ್ಲಿ ನೆರಳಿಗೆ ಗುಂಡು ಹೊಡೆಯುವುದಕ್ಕಲ್ಲ. ಆ ನೆರಳು ಪಕ್ಕದ ತೋಟದ ಕಾವಲಿನವನದ್ದೂ ಆಗಿರಬಹುದು.

ವಾಹನ ತಡೆದು ಆಧಾರ್ ಕೇಳುವ ಅಧಿಕಾರ ನಿಮಗಿಲ್ಲ. ನಂಬರ್ ಬರೆದುಕೊಳ್ಳಿ, ಫೋನ್ ಮಾಡಿ. ಕಣ್ಣೆದುರೇ ಕದಿಯುವವನನ್ನು ಹಿಡಿದರೆ ಕೂಡಲೇ ಪೊಲೀಸರಿಗೆ ಒಪ್ಪಿಸಿ. ಕಾನೂನು ಕೊಡುವ ಗರಿಷ್ಠ ಹೊತ್ತು 6 ಗಂಟೆ. ಕಂಬಕ್ಕೆ ಕಟ್ಟುವುದು, ಹೊಡೆಯುವುದು, ವಿಡಿಯೊ ಮಾಡುವುದು ಯಾವುದೂ ಬೇಡ. ಜಾತಿ, ಭಾಷೆ, ಹುಟ್ಟಿದ ಊರಿನಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಗುಂಪಾಗಿ ಕೊಂದರೆ ಗಲ್ಲಿನವರೆಗೂ ಹೋಗುವ ಸೆಕ್ಷನ್ ಈಗ ಪ್ರತ್ಯೇಕವಾಗಿಯೇ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸುದ್ದಿ ನಂಬಿದ ಗುಂಪು ಒಬ್ಬ ಯುವಕನನ್ನು ಕೊಂದೇಬಿಟ್ಟಿತು. ಅವನ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು.

ಎಚ್ಚರಿಕೆಯ ಸೂಚನೆ: ಕಾವಲಿಗೆ ಬರುವವರು ಕುಡಿದು ಬರುತ್ತಿದ್ದರೆ, ಅಥವಾ ಗುಂಪಿನಲ್ಲಿ ಅಪರಿಚಿತರ ಫೋಟೊ ಹರಿದಾಡತೊಡಗಿದರೆ, ಅವತ್ತೇ ಕಾವಲು ನಿಲ್ಲಿಸಿ.

## ಹಂತ 8: ಬೆನ್ನು ಹತ್ತುವುದು

ಅರ್ಜಿ ಕೊಟ್ಟ ಮೇಲೂ ಪುಸ್ತಕ ನಡೆಯಲಿ. ಗಸ್ತು ಬಂದ ರಾತ್ರಿಯನ್ನೂ ಬರೆಯಿರಿ. ಕಳ್ಳತನ ಕಡಿಮೆಯಾದರೆ ಅದನ್ನೂ ಬೀಟಿನವರಿಗೆ ಫೋನ್ ಮಾಡಿ ಹೇಳಿ. ಬೈಯಲು ಮಾತ್ರ ಫೋನ್ ಮಾಡುವವರ ಕರೆ ಯಾರೂ ಎತ್ತುವುದಿಲ್ಲ ಅಲ್ವಾ.

ಎಫ್‌ಐಆರ್ ಆಗಿದ್ದರೆ ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ತಿಳಿಸದಿದ್ದರೆ ಬರವಣಿಗೆಯಲ್ಲಿ ಕೇಳಿ. ಎಫ್‌ಐಆರೇ ಹಾಕದಿದ್ದರೆ ಅದೇ ದೂರನ್ನು ಮಡಿಕೇರಿಯ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಗಸ್ತಿನ ಅರ್ಜಿಯಾದರೆ ಎಸ್‌ಐ, ಸರ್ಕಲ್ ಇನ್‌ಸ್ಪೆಕ್ಟರ್, ಡಿವೈಎಸ್‌ಪಿ, ಎಸ್‌ಪಿ ಎಂಬ ಕ್ರಮದಲ್ಲಿ ಹೋಗಿ. ಶಾಸಕರಿಗೆ ಮೊದಲೇ ಫೋನ್ ಹಚ್ಚಿದರೆ ಒಂದು ವಾರ ಜೀಪು ಬರುತ್ತದೆ. ಎರಡನೇ ವಾರ ಬೀಟಿನವರು ನಿಮ್ಮ ಮುಖ ನೋಡುವುದಿಲ್ಲ.

ಬೀದಿದೀಪದಂಥದ್ದು ಪಿಡಿಒ ಹತ್ತಿರ ಕೂತುಬಿಟ್ಟರೆ ಗ್ರಾಮಸಭೆಯಲ್ಲಿ ಎದ್ದು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಕೂರಬೇಡಿ.

ಬೀಟಿನವರಿಗೆ ವರ್ಗ ಆಗೇ ಆಗುತ್ತದೆ. ಇಷ್ಟು ದಿನದ ಪರಿಚಯ ಹೋಯಿತು ಎಂದು ಬಹಳ ಊರು ಅಲ್ಲಿಗೇ ಕೈಬಿಡುತ್ತವೆ. ಹೊಸಬರು ಬಂದ ವಾರವೇ ನಕ್ಷೆಯ ಹೊಸ ಜೆರಾಕ್ಸು, ಹಳೇ ಅರ್ಜಿಯ ಪ್ರತಿ ಹಿಡಿದು ಹೋಗಿ ಪರಿಚಯ ಮಾಡಿಕೊಳ್ಳಿ. ಗೇಟಿನಿಂದ ಕಣದವರೆಗೆ ಇನ್ನೊಮ್ಮೆ ಜೊತೆಯಲ್ಲಿ ನಡೆಯಿರಿ. ಜುಲೈ ಆದರೆ ಜೇಬಿನಲ್ಲಿ ಒಂದಿಷ್ಟು ಉಪ್ಪು ಇರಲಿ. ಬಯಲುಸೀಮೆಯಿಂದ ಬಂದವರಾದರೆ ಜಿಗಣೆ ಕಂಡು ಹೌಹಾರುತ್ತಾರೆ.